ಮಳೆಗಾಲದ ಯಕ್ಷಗಾನಕ್ಕೆ ದೃಶ್ಯಲಾಂಛನ: ವಿಕ್ರೋಳಿಯ ಫ್ಲೆಕ್ಸನ್ನು ಆಧರಿಸಿದ ಒಂದು ಶಾಸ್ತ್ರವಿಚಾರ

ಸಂಗೀತ ಸಂಸ್ಥೆಯೊಂದು ತನ್ನ ಋತುವಿನ ಕಾರ್ಯಕ್ರಮಗಳನ್ನೆಲ್ಲ ಒಂದೇ ಬಗೆಯ ಅಕ್ಷರ, ಬಣ್ಣ, ಚಿತ್ರಗಳಲ್ಲಿ ಸಾರಿ, ದೂರದಿಂದ ನೋಡಿದವನಿಗೂ ಇದು ಇಂಥವರದೇ ಎಂದು ತಿಳಿಯುವಂತೆ ಮಾಡುವ ಕ್ರಮಕ್ಕೆ ದೃಶ್ಯಲಾಂಛನವೆಂದು ಹೆಸರು. ಈ ವಿದ್ಯೆಯಲ್ಲಿ ಪಂಡಿತರು ಮೇಲ್ಪಂಕ್ತಿಯೆಂದು ಎತ್ತಿಹಿಡಿಯುವುದು ಲಂಡನ್ ಸಿಂಫನಿ ಆರ್ಕೆಸ್ಟ್ರಾದ 2017-18ರ ಋತುವನ್ನು. ಆ ಋತುವಿನಲ್ಲಿ ಸಂಗೀತ ನಿರ್ದೇಶಕರಾಗಿ ಬಂದ ಸೈಮನ್ ರ‍್ಯಾಟಲ್ ಅವರು ಎಲ್ಗಾರನ ಕೃತಿಯೊಂದನ್ನು ನಡೆಸುವಾಗ ಅವರ ಕೈಕೋಲು ಗಾಳಿಯಲ್ಲಿ ಬರೆದ ರೇಖೆಗಳನ್ನು 12 ಕ್ಯಾಮೆರಾಗಳಿಂದ ಹಿಡಿದು, ಕಂಪ್ಯೂಟರಿನಲ್ಲಿ ಅವಕ್ಕೆ ಬಳುಕುವ ಆಕಾರಗಳನ್ನು ಕೊಟ್ಟು, ಅವನ್ನೇ ಪೋಸ್ಟರುಗಳಿಗೆ ಬಳಸಲಾಯಿತು. ಮುಂಬಯಿಯಲ್ಲಿ ಈ ಬಗೆಯ ಚರ್ಚೆ ಎದ್ದಾಗಲೆಲ್ಲ ವಿದ್ವಾಂಸರ ದೃಷ್ಟಿ ನಾರಿಮನ್ ಪಾಯಿಂಟಿನತ್ತ, ಅಲ್ಲಿನ ಪ್ರದರ್ಶನ ಕಲೆಗಳ ರಾಷ್ಟ್ರೀಯ ಕೇಂದ್ರವಾದ ಎನ್‌ಸಿಪಿಎಯಲ್ಲಿ 2006ರಲ್ಲಿ ಹುಟ್ಟಿದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾದತ್ತ ಹೊರಳುತ್ತದೆಯೇ ಹೊರತು, ಸೆಂಟ್ರಲ್ ಮಾರ್ಗದಲ್ಲಿ ಘಾಟ್‌ಕೋಪರ್ ದಾಟಿದೊಡನೆ ಸಿಗುವ ವಿಕ್ರೋಳಿಯತ್ತ ಹೊರಳುವುದಿಲ್ಲ. ಸ್ಲೋ ಲೋಕಲು ಮಾತ್ರ ನಿಲ್ಲುವ ನಿಲ್ದಾಣಗಳಲ್ಲಿ ಸೌಂದರ್ಯಶಾಸ್ತ್ರ ಬೆಳೆಯಲಾರದೆಂಬ ಪೂರ್ವಗ್ರಹವೇ ಇದಕ್ಕೆ ಕಾರಣವಿರಬೇಕು.

ವಿಕ್ರೋಳಿಗೂ ಒಂದು ಋತುವಿದೆ. ಮೇ ತಿಂಗಳ ಕೊನೆಯ ಪತ್ತನಾಜೆಗೆ ಕರಾವಳಿಯ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ನಿಲ್ಲಿಸಿದ ಮೇಲೆ, ಬಯಲಾಟಕ್ಕೆ ಬಯಲೇ ಇಲ್ಲದ ಆ ಮಳೆಯ ತಿಂಗಳುಗಳಲ್ಲಿ ಕಲಾವಿದರ ತಂಡಗಳು ಮುಂಬಯಿಗೆ ಬಂದು, ಉಪನಗರಗಳ ಕನ್ನಡ, ತುಳು ಸಂಘಗಳ ಆಶ್ರಯದಲ್ಲಿ ಸಭಾಗೃಹಗಳೊಳಗೆ ಆಟ ಆಡುತ್ತವೆ. ಆರ್ಕೆಸ್ಟ್ರಾದಲ್ಲಿ ಎಂಬತ್ತು ತೊಂಬತ್ತು ಮಂದಿ ಮಾಡುವ ಕೆಲಸವನ್ನು ಇಲ್ಲಿ ಹಿಮ್ಮೇಳ, ಅಂದರೆ ಭಾಗವತರು, ಮದ್ದಳೆ, ಚೆಂಡೆ ಮತ್ತು ಶ್ರುತಿಯವರನ್ನೊಳಗೊಂಡ ನಾಲ್ಕಾರು ಜನರ ಗುಂಪು, ನಿರ್ವಹಿಸುತ್ತದೆ. ಭಾಗವತರು ಆಟವನ್ನು ನಡೆಸುವುದಷ್ಟೇ ಅಲ್ಲದೆ ಉದ್ದಕ್ಕೂ ಹಾಡುತ್ತಾರೆ; ರ‍್ಯಾಟಲ್ ಅವರು ಹಾಡುವುದಿಲ್ಲವೆಂಬುದನ್ನು ಈ ಪ್ರಬಂಧದಲ್ಲಿ ಅವರ ನ್ಯೂನತೆಯೆಂದು ಎಣಿಸಿಲ್ಲ.

ಈ ಋತುವಿನ ದೃಶ್ಯಲಾಂಛನವು ಟಾಗೋರ್ ನಗರ, ಕನ್ನಮ್ವಾರ್ ನಗರಗಳ ಕಡೆ ಕಾಣಸಿಗುವ ಫ್ಲೆಕ್ಸಿನಲ್ಲಿ ಅಡಕವಾಗಿದ್ದು, ಅದರ ಅಂಗರಚನೆ ಹೀಗಿದೆ. ನೆತ್ತಿಯಲ್ಲಿ ಗಣಪತಿ, ಅದರ ಕೆಳಗೆ ಮುಖವಲಯ, ಎಂದರೆ ಅಧ್ಯಕ್ಷರು, ಗೌರವಾಧ್ಯಕ್ಷರು, ಪೋಷಕರು ಮತ್ತು ಮಹಾಪೋಷಕರ ಭಾವಚಿತ್ರಗಳು ದುಂಡನೆಯ ಚೌಕಟ್ಟುಗಳಲ್ಲಿ ಸಾಲುಗಟ್ಟಿರುವ ಪ್ರದೇಶ. ಇಲ್ಲಿ ಮುಖದ ವ್ಯಾಸವು ದೇಣಿಗೆಯ ಮೊತ್ತವನ್ನು ಅನುಸರಿಸುವುದು ಸಾಮಾನ್ಯ ನಿಯಮವಾದರೂ, ಮುಂದಿನ ವರ್ಷ ಕೊಡಬಹುದಾದವರ ಮುಖವು ಕಳೆದ ವರ್ಷ ಕೊಟ್ಟವರ ಮುಖಕ್ಕಿಂತ ತುಸು ದೊಡ್ಡದಾಗಿರುವ ಅಪವಾದವೂ ಉಂಟು. ಪಾಶ್ಚಾತ್ಯ ವಿನ್ಯಾಸಕರು ಕೊಂಡಾಡುವ ಖಾಲಿ ಜಾಗಕ್ಕೆ ಇಲ್ಲಿ ಅವಕಾಶವಿಲ್ಲ. ಫ್ಲೆಕ್ಸನ್ನು ಚದರಡಿಯ ಲೆಕ್ಕದಲ್ಲಿ ಮುದ್ರಿಸುವುದರಿಂದ, ಏನನ್ನೂ ಅಚ್ಚು ಮಾಡಿಸದ ಜಾಗಕ್ಕೆ ಹಣ ತೆತ್ತದ್ದನ್ನು ವಾರ್ಷಿಕ ಮಹಾಸಭೆಯಲ್ಲಿ ಸಮರ್ಥಿಸಿಕೊಳ್ಳಲು ಯಾವ ಖಜಾಂಚಿಯಿಂದಲೂ ಆಗದು. ಯಕ್ಷಗಾನದ ವೇಷವೊಂದು ಎಡಮೂಲೆಯಲ್ಲಿ ಕಾಣುತ್ತದಾದರೂ, ಕಿರೀಟ ಅಗಲವಾಗಿದ್ದು ಮುಖವಲಯಕ್ಕೆ ತಾಗುವ ಕಾರಣ ಅದನ್ನು ಹುಬ್ಬಿನ ಮೇಲಕ್ಕೆ ಕತ್ತರಿಸುವುದೇ ಸಂಪ್ರದಾಯ. ಭಾಗವತರ ಹೆಸರು ಊಟದ ವ್ಯವಸ್ಥೆಯ ಸೂಚನೆಗಿಂತ ಕೆಳಗೆ, ಅದಕ್ಕಿಂತ ಚಿಕ್ಕ ಅಕ್ಷರಗಳಲ್ಲಿ ಇರುತ್ತದೆ.

ಬಾಳಿಕೆಯ ಪರೀಕ್ಷೆಯಲ್ಲಂತೂ ವಿಕ್ರೋಳಿಯೇ ಮುಂದು. ಲಂಡನ್ನಿನ ಕಾಗದದ ಪೋಸ್ಟರು ಋತುವಿನೊಂದಿಗೆ ಮುಗಿದುಹೋದರೆ, ಪಿವಿಸಿಯ ಫ್ಲೆಕ್ಸು ಆಟ ಮುಗಿದ ಮರುದಿನವೇ ಸೋರುವ ತಗಡಿನ ಮೇಲೋ ತರಕಾರಿ ಗಾಡಿಯ ಮೇಲೋ ಏರಿ, ಮಹಾಪೋಷಕರ ಮುಖವನ್ನು ಆಕಾಶಕ್ಕೆ ತೋರಿಸುತ್ತ ಉಳಿದ ಮಳೆಗಾಲವನ್ನು ಕಳೆಯುತ್ತದೆ.

ಇನ್ನು ಲಂಡನ್ನಿನ ಚಲನಗ್ರಹಣ ವಿಧಾನವನ್ನು ಇಲ್ಲಿಗೆ ಅನ್ವಯಿಸುವ ಪ್ರಶ್ನೆ. ಭಾಗವತರ ತಾಳಕ್ಕೋ ಚೆಂಡೆಯ ಕೋಲಿಗೋ ಸಂವೇದಕ ಕಟ್ಟಿದರೆ ಸಾಕೆಂದು ಅವಸರದ ಸಂಶೋಧಕನು ಭಾವಿಸಬಹುದು. ಆದರೆ ಮುಂಬಯಿಯ ಆಟದ ಗತಿಯನ್ನು ನಿರ್ಧರಿಸುವ ಕೈ ಅದಲ್ಲ. ಊರಿನಲ್ಲಿ ಬೆಳಗಿನವರೆಗೆ ಹರಡಿಕೊಳ್ಳಬಲ್ಲ ಪ್ರಸಂಗವು ಇಲ್ಲಿ ಮೂರು ನಾಲ್ಕು ಗಂಟೆಗಳೊಳಗೆ ಮುಗಿಯಬೇಕು, ಆ ಗಂಟೆಗಳ ನಡುವೆಯೇ ಸಭಾಕಾರ್ಯಕ್ರಮ ನಡೆದು ಪೋಷಕರಿಗೆಲ್ಲ ಶಾಲು ಹೊದಿಸಿಯೂ ಆಗಬೇಕು. ಹೀಗಾಗಿ ನಿಜವಾದ ನಿರ್ದೇಶನವು ಪರದೆಯ ಮರೆಯಲ್ಲಿ ನಿಂತ ಕಾರ್ಯದರ್ಶಿಗಳ ಬಲಗೈಯದು. ಅದರಲ್ಲಿ ಮೂರು ಮುದ್ರೆಗಳನ್ನು ಗುರುತಿಸಬಹುದು: ಕೈಗಡಿಯಾರದ ಮೇಲೆ ಬೆರಳಿಡುವ ಕಾಲಸೂಚನೆ, ತೋರುಬೆರಳನ್ನು ಗರಗರನೆ ತಿರುಗಿಸುವ ಶೀಘ್ರಾವರ್ತ, ಎಡಗೈಯೊಡನೆ ಜೋಡಿಸಿ ಭಾಗವತರನ್ನು ದಿಟ್ಟಿಸುವ ಶರಣಾಗತಿ. ಮೊದಲನೆಯದಕ್ಕೆ ಅರ್ಥಗಾರಿಕೆ ಮೊಟಕಾಗುತ್ತದೆ; ಎರಡನೆಯದಕ್ಕೆ ಪದ್ಯಗಳು ಜಾರಿಹೋಗುತ್ತವೆ; ಮೂರನೆಯದು ಕಂಡೊಡನೆ, ಬೆಳಗಿನ ಜಾವಕ್ಕೆ ಸಾಯಬೇಕಾದ ರಕ್ಕಸನು, ತನ್ನ ಪ್ರವೇಶದ ಅಬ್ಬರ ತಣಿಯುವ ಮೊದಲೇ, ಒಂಬತ್ತೂ ಮುಕ್ಕಾಲಿಗೆ ಪ್ರಾಣ ಬಿಡುತ್ತಾನೆ. ಸಭಾಗೃಹದ ಬಾಡಿಗೆಯ ಅವಧಿ, ಕೊನೆಯ ಲೋಕಲಿನ ಚಿಂತೆ, ಇವೆರಡೂ ಆ ಒಂದು ಕೈಯಲ್ಲಿ ಸಂಗಮಿಸಿರುವುದರಿಂದ, 12 ಕ್ಯಾಮೆರಾಗಳನ್ನು ಅದರತ್ತಲೇ ತಿರುಗಿಸಿ, ದೊರೆತ ರೇಖೆಗಳನ್ನು ಋತುವಿನ ಲಾಂಛನವಾಗಿ ಅಂಗೀಕರಿಸುವುದು ಶಾಸ್ತ್ರಸಮ್ಮತ.

ಕ್ಯಾಮೆರಾಗಳಿಗೆ ಹಣ ಹೊಂದಿಕೆಯಾಗುವವರೆಗೆ ಒಂದು ತಾತ್ಕಾಲಿಕ ಕ್ರಮವನ್ನು ಕಾರ್ಯಕಾರಿ ಸಮಿತಿಗಳು ಪರಿಶೀಲಿಸಬೇಕೆಂದು ವಿನಂತಿ: ಫ್ಲೆಕ್ಸು ಮುದ್ರಣಕ್ಕೆ ಹೋಗುವ ಮೊದಲು ಕಿರೀಟವನ್ನು ಪೂರ್ತಿ ಉಳಿಸಿ, ಭಾಗವತರ ಹೆಸರನ್ನು ಊಟದ ಸೂಚನೆಯಷ್ಟಾದರೂ ದೊಡ್ಡದು ಮಾಡಿಸಬೇಕು.