ಆದೇಶಪಂಕ್ತಿ ಮೀಮಾಂಸೆ: ಬಳ್ಳಾರಿ ಸೀಮೆಯ ದೃಷ್ಟಾಂತಗಳೊಡನೆ

ಮೌಸನ್ನು ಮುಟ್ಟದೆ, ಚಿತ್ರಗಳನ್ನು ಒತ್ತದೆ, ಕಪ್ಪು ತೆರೆಯ ಮೇಲೆ ಮಿಣುಕುವ ಒಂದು ಗೆರೆಯೆದುರು ಕುಳಿತು ಕಡತಗಳ ಕೋಶದಿಂದ ಕೋಶಕ್ಕೆ ಸಂಚರಿಸುವ ವಿದ್ಯೆಗೆ ಇಂದು ಆಧಾರವಾಗಿರುವ ಯೂನಿಕ್ಸ್ ಶಾಸ್ತ್ರವು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಎಂಬ ಸೂತ್ರಕಾರರಿಂದ ಪ್ರವರ್ತಿತವಾಯಿತೆಂದು ಪ್ರಸಿದ್ಧಿಯುಂಟು. ಅದರ ಮರ್ಮವನ್ನು ನಮ್ಮ ಸರ್ಕಾರಗಳು 16 ವರ್ಷ ಮುಂಚಿತವಾಗಿಯೇ ಬಲ್ಲವಾಗಿದ್ದುವೆಂಬುದು ಪ್ರಕೃತ ಪ್ರಬಂಧದ ಪ್ರತಿಜ್ಞೆ.

ಮೊದಲು, ಬೆರಳಚ್ಚಿಸಿದ ಆದೇಶವನ್ನು ಓದಿ ನಡೆಸುವ ಷೆಲ್ಲಿನ ದರ್ಶನವನ್ನು ವಿಚಾರಿಸೋಣ. ಭಾರತ, ಅದರೊಳಗೆ ಕರ್ನಾಟಕ, ಅದರೊಳಗೆ ಬಳ್ಳಾರಿ, ಅದರೊಳಗೆ ಸಿರುಗುಪ್ಪ ಕುರುಗೋಡುಗಳೆಂದು ಫೋಲ್ಡರುಗಳನ್ನು ರಚಿಸಿಕೊಂಡು, ಸಿರುಗುಪ್ಪದಲ್ಲಿ ನಿಂತು, ಕೋಶದಿಂದ ಕೋಶಕ್ಕೆ ಹೋಗುವ ‘ಸಿಡಿ’ ಸೂತ್ರವನ್ನು ಹಿಡಿದು, ‘ಸಿಡಿ ಕುರುಗೋಡು’ ಎಂದು ಬೆರಳಚ್ಚಿಸಿದ ವಿದ್ಯಾರ್ಥಿಗೆ, ದೊಡ್ಡಬಸವೇಶ್ವರನು ನೆಲೆಸಿರುವ ಆ ಊರೇ ಇಲ್ಲವೆಂದು, ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಎಂಬ ವಾಕ್ಯದಿಂದ, ಷೆಲ್ಲು ನಿರ್ದಾಕ್ಷಿಣ್ಯವಾಗಿ ಸಾರುತ್ತದೆ. ಪ್ರತ್ಯಕ್ಷವೊಂದನ್ನೇ ನಂಬುವ ಈ ಚಾರ್ವಾಕನು ನಿಂತ ಕೋಶದೊಳಗೆ ಕಾಣದುದನ್ನು ಒಪ್ಪನು. ಎರಡು ಚುಕ್ಕಿಯಿಟ್ಟು, ಓರೆಗೆರೆಯೆಳೆದು, ಬಳಿಕ ಕುರುಗೋಡೆಂದರೆ, ಅರ್ಥಾತ್ ಜಿಲ್ಲೆಗೊಮ್ಮೆ ಏರಿ ಇಳಿದರೆ, ತುಟಿಪಿಟಕ್ಕೆನ್ನದೆ ದಾರಿ ಬಿಡುತ್ತಾನೆ. ತಾನೆಲ್ಲಿರುವೆನೆಂಬ ಜಿಜ್ಞಾಸೆಗೆ ‘ಪಿಡಬ್ಲ್ಯೂಡಿ’ ಎಂಬ ಸೂತ್ರವುಂಟು (ಲೋಕೋಪಯೋಗಿ ಇಲಾಖೆಗೂ ಇದಕ್ಕೂ ಸಂಬಂಧವಿಲ್ಲ, ಇದು ಕೇಳಿದೊಡನೆ ಉತ್ತರಿಸುತ್ತದೆ).

ಇನ್ನು ಕಡತವನ್ನು ಕೋಶದಿಂದ ಕೋಶಕ್ಕೆ ಸಾಗಿಸುವ ‘ಎಂವಿ’ ಎಂಬ ಮಹಾಸೂತ್ರ. ಡಿಸ್ಕಿನ ಒಂದೇ ವಿಭಾಗದೊಳಗೆ ಇದನ್ನು ಪ್ರಯೋಗಿಸಿದಲ್ಲಿ ಕಡತದ ಒಂದಕ್ಷರವೂ ಕದಲದು. ಹಳೆಯ ಕೋಶದ ಪಟ್ಟಿಯಲ್ಲಿ ಹೆಸರು ಅಳಿದು ಹೊಸದರ ಪಟ್ಟಿಗೆ ಏರುತ್ತದೆ, ಅಷ್ಟೆ. 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮದರಾಸಿನಿಂದ ಮೈಸೂರಿಗೆ ಸಂದಾಗ ಕೋಟೆಯ ಗುಡ್ಡವು ಅಂಗುಲಮಾತ್ರವೂ ಅಲುಗದಿದ್ದುದೇ ಇದಕ್ಕೆ ಪರಮಪ್ರಮಾಣ. ನಾಮಾಂತರಕ್ಕೂ ಇದೇ ಸೂತ್ರ ಸಲ್ಲುವುದರಿಂದ, 2014ರ ನವೆಂಬರ್ 1ರಂದು ಇಂಗ್ಲಿಷಿನ ‘ಬೆಲ್ಲಾರಿ’ಯು ‘ಬಳ್ಳಾರಿ’ಯಾದುದನ್ನೂ ಇಲ್ಲಿಯೇ ಗ್ರಹಿಸತಕ್ಕದ್ದು, ಹಳೆಯ ಕಾಗುಣಿತವನ್ನೇ ನೆಚ್ಚಿದ ಸ್ಕ್ರಿಪ್ಟುಗಳ ಗತಿಯನ್ನು ಸಹೃದಯರು ಊಹಿಸಿಕೊಳ್ಳಲಿ. 2021ರಲ್ಲಿ ವಿಜಯನಗರವೆಂಬ ಹೊಸ ಕೋಶವು ಸೃಷ್ಟಿಯಾಗಿ ಹೊಸಪೇಟೆಯು ಹಂಪಿಸಮೇತ ಅದರೊಳಗೆ ಹೋಯಿತು. ಅಳಿಸುವ ‘ಆರ್‌ಎಂ’ ಸೂತ್ರಕ್ಕೆ ಕಸದ ಬುಟ್ಟಿಯ ಕನಿಕರವಿಲ್ಲವಾದ್ದರಿಂದ ಅದರ ಪ್ರಸ್ತಾಪವನ್ನು ಭಯದಿಂದ ಬಿಟ್ಟಿದೆ.

ಪೂರ್ವಪಕ್ಷಿಯ ಒಂದು ಆಕ್ಷೇಪ ಉಳಿಯಿತು: 1953ರ ಅದೇ ದಿನ ಬಳ್ಳಾರಿ ಜಿಲ್ಲೆಯೊಳಗಿದ್ದ ಆದೋನಿ, ಆಲೂರು, ರಾಯದುರ್ಗಗಳು ಆಂಧ್ರದ ಕೋಶವನ್ನು ಸೇರಿದುವಲ್ಲ, ಅದರಿಂದ ಏನಾಯಿತು? ಆಯಿತು. ಅದುವರೆಗೆ ಬಳ್ಳಾರಿಯಲ್ಲಿ ಕುಳಿತವನು ‘ಸಿಡಿ ರಾಯದುರ್ಗ’ ಎಂದರೆ ಸಾಕಿತ್ತು. ಈಗ ಎರಡು ಮೆಟ್ಟಿಲೇರಿ ಭಾರತವನ್ನು ಮುಟ್ಟಿ, ಆಂಧ್ರಪ್ರದೇಶ, ಅನಂತಪುರಗಳ ಮೂಲಕ ಇಳಿದು ರಾಯದುರ್ಗವನ್ನು ಸೇರಬೇಕು. ರಾಯದುರ್ಗದ ರೈಲು ಮಾತ್ರ, ಶಾಸ್ತ್ರಾಧ್ಯಯನವಿಲ್ಲದ ಕಾರಣ, ಬಳ್ಳಾರಿಯಿಂದ ನೆಟ್ಟಗೆ ಹೋಗುತ್ತಿದೆ.