ಷರಾ

ಮೂರು ತಿಂಗಳ ಕೋರ್ಸು ಮುಗಿಸಿ ಹಾಸನದಿಂದ ಶಾಂತಿಗ್ರಾಮಕ್ಕೆ ಬಂದಿಳಿದಾಗ ನನ್ನ ಕೈಯಲ್ಲಿದ್ದದ್ದು ಎರಡು ಫ್ಲಾಪಿ, ಒಂದು ಸರ್ಟಿಫಿಕೇಟು ಮತ್ತು ಫಾಕ್ಸ್‌ಪ್ರೊ ಎಂಬ ವಿದ್ಯೆಯ ಅರ್ಧ ಭಾಗ. ಅದು 1999. ಊರಿನವರ ಬಾಯಲ್ಲಿ ನಾನು ರಾತ್ರೋರಾತ್ರಿ 'ಕಂಪ್ಯೂಟ್ರು ಓದವ್ನೆ' ಆಗಿಬಿಟ್ಟೆ. ಮೊದಲ ವಾರ ಒಬ್ಬರು ಕೆಟ್ಟ ರೇಡಿಯೊ ತಂದರು, ಇನ್ನೊಬ್ಬರು ಮಗಳ ಜಾತಕ ತಂದರು. ಮೂರನೆಯವರಾಗಿ ಬಂದವರು ನಮ್ಮ ಹೋಬಳಿಯ ಒಂದು ಹಾಲಿನ ಸಂಘದ ಸೆಕ್ರೆಟರಿ. ಅವರ ಅಧ್ಯಕ್ಷರ ಅಳಿಯ ಬೆಂಗಳೂರಿನ ಯಾವುದೋ ಆಫೀಸಿನಿಂದ ಹಳೇ ಕಂಪ್ಯೂಟರೊಂದನ್ನು ತಂದುಕೊಟ್ಟಿದ್ದರಂತೆ. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಮೇಲೆ ಕಸೂತಿ ಬಟ್ಟೆ ಹೊದಿಸಿ, ಆರು ತಿಂಗಳಿಂದ ಊದುಬತ್ತಿ ಬೆಳಗುತ್ತಿದ್ದರು.

"ಏನ್ ಮರಿ, ನಮ್ಮ ಡೈರಿ ಲೆಕ್ಕಾನ ಆ ಡಬ್ಬದೊಳಕ್ಕೆ ತುಂಬಕ್ಕಾಯ್ತದಾ?"

"ಒಂದು ವಾರದ ಕೆಲಸ ಅಣ್ಣ" ಅಂದೆ. ನನ್ನ ಕಸುಬಿನ ಮೊದಲ ಸುಳ್ಳು ಅದು. ಆಮೇಲೆ ಇಪ್ಪತ್ತೈದು ವರ್ಷ ಅದನ್ನೇ ಬೇರೆ ಬೇರೆ ಊರುಗಳಲ್ಲಿ ಹೇಳಿಕೊಂಡು ಬದುಕಿದ್ದೇನೆ.

ಸೆಕ್ರೆಟರಿ ರಿಜಿಸ್ಟರು ಬಿಚ್ಚಿದರು. ಎರಡು ಕೈ ಅಗಲಿಸಿ ಹಿಡಿಯಬೇಕಾದ ಹಾಳೆ. ಎಡಕ್ಕೆ ಸದಸ್ಯರ ನಂಬರು, ಹೆಸರು. ಅಡ್ಡಕ್ಕೆ ತಿಂಗಳ 31 ದಿನ, ದಿನಕ್ಕೆ ಬೆಳಿಗ್ಗೆ ಒಂದು ಮನೆ, ಸಂಜೆ ಒಂದು ಮನೆ. ಮನೆಯೊಳಗೆ ಲೀಟರು, ಅದರ ಕೆಳಗೆ ಚಿಕ್ಕದಾಗಿ ಫ್ಯಾಟು. ಕಟ್ಟಕಡೆಗೆ, ಬಲಗಡೆಯ ಅಂಚಿನಲ್ಲಿ, ಷರಾ. ಆ ಕಾಲಂ ಮಾತ್ರ ಕೆಂಪು ಶಾಯಿಯಲ್ಲಿ ಕಿಕ್ಕಿರಿದು, ಜಾಗ ಸಾಲದೆ ಹಾಳೆಯ ಅಂಚಿನುದ್ದಕ್ಕೂ ಮೇಲಕ್ಕೆ ತಿರುಗಿ ಹತ್ತಿತ್ತು.

"ಇದು?" ಎಂದು ಅವರು ಅದರ ಮೇಲೆ ಬೆರಳಿಟ್ಟರು.

"ಅದು ಬೇಡಣ್ಣ. ಅದು ಡೇಟಾ ಅಲ್ಲ."

ಅವರು ಏನೂ ಅನ್ನಲಿಲ್ಲ. ರಿಜಿಸ್ಟರನ್ನು ಮೆಲ್ಲಗೆ ಮುಚ್ಚಿದರು.

ನಾನು ಹಾಳೆಯನ್ನು ಇದ್ದ ಹಾಗೇ ಕಂಪ್ಯೂಟರಿಗೆ ಇಳಿಸಿದೆ. ಲೀಟರಿಗೆ 62 ಕಾಲಂ, ಫ್ಯಾಟಿಗೆ 62, ನಂಬರು ಹೆಸರು ಸೇರಿ 126. ಫಾಕ್ಸ್‌ಪ್ರೊದಲ್ಲಿ ಒಂದು ಟೇಬಲ್ಲಿಗೆ 255 ಕಾಲಂವರೆಗೂ ಅವಕಾಶವಿದೆ. ಇನ್ನೂ ಅರ್ಧಕ್ಕೂ ಬಂದಿಲ್ಲವಲ್ಲ ಎಂದು ನೆಮ್ಮದಿಪಟ್ಟೆ. ಅಷ್ಟರಲ್ಲಿ ಸೆಕ್ರೆಟರಿ "ಡಿಗ್ರಿ ಬಿಟ್ಟೆಯಲ್ಲಾ" ಎಂದರು. ನನ್ನ ಬಿ.ಎ. ಪೂರ್ತಿಯಾಗಿರಲಿಲ್ಲ, ಅದನ್ನೇ ಕೆದಕುತ್ತಿದ್ದಾರೆ ಅಂದುಕೊಂಡೆ. ಅವರು ಕೇಳಿದ್ದು ಲ್ಯಾಕ್ಟೊಮೀಟರಿನ ಡಿಗ್ರಿ. ಮತ್ತೆ 62 ಕಾಲಂ. ಫೆಬ್ರವರಿ ಬಂದರೆ ಮೂರು ದಿನದ ಕಾಲಂಗಳನ್ನು ಎಲ್ಲಿ ಬಚ್ಚಿಡುವುದು ಎಂಬ ಚಿಂತೆಯಲ್ಲಿ ಎರಡು ರಾತ್ರಿ ನಿದ್ದೆ ಬರಲಿಲ್ಲ.

ಹಾಸನಕ್ಕೆ ಹೋಗಿ ಕಂಪ್ಯೂಟರ್ ಕಲಿಸಿದ ಮೇಷ್ಟ್ರಿಗೆ ತೋರಿಸಿದೆ. ಅವರು ಸ್ಕ್ರೀನನ್ನು ಎಡದಿಂದ ಬಲಕ್ಕೆ ಸರಿಸುತ್ತ, ಸರಿಸುತ್ತ, ಕೊನೆಗೆ ಟೀ ತರಿಸಿದರು. 1970ರಲ್ಲಿ ಐಬಿಎಂ ಕಂಪನಿಯಲ್ಲಿದ್ದ ಕಾಡ್ ಎಂಬ ಗಣಿತಜ್ಞ ಒಂದು ಲೇಖನ ಬರೆದು ಟೇಬಲ್ಲುಗಳಿಗೆ ಶಾಸ್ತ್ರ ಕಟ್ಟಿಕೊಟ್ಟ ಕತೆಯನ್ನು ಹೇಳಿದರು. ನನಗೆ ಅರ್ಥವಾಗದ್ದನ್ನು ಕಂಡು, "ನೋಡು, ಕಾಲಂ ಅಡ್ಡಡ್ಡ ಬೆಳೀಬಾರದು, ಸಾಲು ಉದ್ದುದ್ದ ಬೆಳೀಬೇಕು. ರಾಗಿ ಹೊಲ ನೋಡಿಲ್ವ?" ಅಂದರು. ಒಬ್ಬರು ಒಂದು ಸಲ ಕ್ಯಾನಿಗೆ ಹಾಲು ಸುರಿದರೆ ಅದು ಒಂದು ಸಾಲು: ಸದಸ್ಯರ ನಂಬರು, ತಾರೀಖು, ಬೆಳಿಗ್ಗೆಯೋ ಸಂಜೆಯೋ, ಲೀಟರು, ಫ್ಯಾಟು, ಡಿಗ್ರಿ. 188 ಕಾಲಂ ಆರಕ್ಕೆ ಇಳಿಯಿತು. ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯಾಚೆಯ ಹೊಲದ ಸಾಲುಗಳನ್ನೆಲ್ಲ ನಾನು ರೆಕಾರ್ಡುಗಳೆಂದೇ ಎಣಿಸಿದೆ.

ಇನ್ನು ಸದಸ್ಯರ ಫಾರಂ. ಇದನ್ನು ಇಂಗ್ಲಿಷ್ ಪುಸ್ತಕವೊಂದರಿಂದ ನಕಲು ಮಾಡಿದ್ದೆ: ಫಸ್ಟ್ ನೇಮ್, ಮಿಡ್ಲ್ ನೇಮ್, ಲಾಸ್ಟ್ ನೇಮ್. ಮೂರನ್ನೂ ತುಂಬದೆ ಕರ್ಸರು ಮುಂದಕ್ಕೆ ಹೋಗಬಾರದು ಎಂದು ಕಟ್ಟಪ್ಪಣೆ ಬರೆದಿದ್ದೆ.

"ಲಾಸ್ಟ್ ನೇಮ್ ಅಂದ್ರೆ?" ಸಾಲಿನಲ್ಲಿ ಮೊದಲು ನಿಂತ ಗೌಡರು ಕೇಳಿದರು.

"ಕೊನೇ ಹೆಸರು ಗೌಡ್ರೆ."

"ಕೊನೇ ಹೆಸರು ಅಂದ್ರೆ... ಸತ್ತ ಮೇಲೆ ಇಡೋದಾ?"

ನಮ್ಮ ಕಡೆ ಹೆಸರಿನ ಮುಂದೆ ಊರಿನ ಒಂದಕ್ಷರ, ಅಪ್ಪನ ಒಂದಕ್ಷರ. ಹಿಂದೆ ಏನೂ ಇಲ್ಲ. ನಿಮಗೊಬ್ಬ ತಾತ ಇದ್ದರೆ ಅವರ ಹೆಸರೇ ನಿಮಗೆ. ಹೀಗಾಗಿ ಆ ಸಂಘದಲ್ಲಿ ಮಂಜೇಗೌಡ ಎಂಬ ಹೆಸರಿನವರೇ ಏಳು ಜನ. ಅವರಲ್ಲಿ ಮೂವರ ಅಪ್ಪನ ಹೆಸರೂ ಒಂದೇ. ಇಂಗ್ಲಿಷಿನಲ್ಲಿ ಬರೆಯುವಾಗ ಗೌಡಕ್ಕೆ ಒಮ್ಮೆ ಡಬ್ಲ್ಯು ಬಿತ್ತು, ಒಮ್ಮೆ ಯು ಬಿತ್ತು. ನಲವತ್ತು ವರ್ಷ ಒಟ್ಟಿಗೆ ಬಾಳಿದ ಅಣ್ಣತಮ್ಮಂದಿರನ್ನು ಕಂಪ್ಯೂಟರು ಒಂದೇ ಬೆಳಿಗ್ಗೆ ಪಾಲು ಮಾಡಿ ಕೂರಿಸಿತು. ಯಾರು ಯಾರೆಂದು ಗೊತ್ತಾಗದೆ ಸೆಕ್ರೆಟರಿಯನ್ನೇ ಕೇಳಿದೆ. ಅವರು ತಲೆ ಎತ್ತದೆ ಹೇಳಿದರು: ಮೂಲೆಮನೆ, ಬಾವಿಮನೆ, ಮಿಲ್ಟ್ರಿ, ಕುಳ್ಳ, ಬೋರ್‌ವೆಲ್ಲು, ಹಿಟ್ಟಿನ ಗಿರಣಿ, ಬೆಂಗಳೂರು. ಬೆಂಗಳೂರು ಎಂದರೆ ಒಮ್ಮೆ ಹೋಗಿ ಮರುದಿನವೇ ಬಂದವರು. ಬಾವಿಮನೆಯ ಮುಂದಿನ ಬಾವಿ ಮುಚ್ಚಿ ಎಷ್ಟೋ ವರ್ಷವಾಗಿದೆ, ಹೆಸರು ಅಲ್ಲಾಡಿಲ್ಲ. ಪ್ರೈಮರಿ ಕೀ ಎಂಬುದು ಒಬ್ಬರಿಗೇ ಸೇರಿರಬೇಕು, ಕಾಲ ಬದಲಾದರೂ ಬದಲಾಗಬಾರದು ಎಂದು ಮೇಷ್ಟ್ರು ಬೋರ್ಡಿನ ಮೇಲೆ ಬರೆಸಿದ್ದು ನೆನಪಾಯಿತು. ಹಳ್ಳಿಯವರು ಅದನ್ನು ಅಡ್ಡಹೆಸರು ಅನ್ನುತ್ತಾರೆ, ಅಷ್ಟೆ.

ಹುಟ್ಟಿದ ತಾರೀಖು ಇನ್ನೂ ಕಷ್ಟ. ಒಬ್ಬ ಅಜ್ಜಿ, "ಗೊರೂರು ಡ್ಯಾಮು ಕಟ್ಟೋವಾಗ ನನ್ನ ದೊಡ್ಡ ಮಗ ಕಲ್ಲು ಹೊರೋಕೆ ಹೋಗ್ತಿದ್ದ, ಲೆಕ್ಕ ಹಾಕ್ಕೊ" ಅಂದರು. ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ. ಕಟ್ಟುತ್ತಿದ್ದದ್ದು ಅದಕ್ಕೂ ಎಷ್ಟೋ ವರ್ಷ ಮೊದಲಿನಿಂದ. ಫಾರಂಗೆ ಅಜ್ಜಿಯ ಭಾಷೆ ಬಾರದು. ಕೊನೆಗೆ ನಮ್ಮ ಪ್ರೈಮರಿ ಸ್ಕೂಲು ಮೇಷ್ಟ್ರುಗಳ ದಾರಿಯನ್ನೇ ಹಿಡಿದೆ: ಗೊತ್ತಿಲ್ಲದವರೆಲ್ಲ ಜೂನ್ 1ರಂದು ಹುಟ್ಟಿದರು. 01/06 ಎಂದು ಒತ್ತಿದರೆ ಆ ಯಂತ್ರಕ್ಕೆ ಅದು ಅಮೆರಿಕದ ಲೆಕ್ಕದಲ್ಲಿ ಜನವರಿ 6. 15/06 ಒತ್ತಿದವರು ಹುಟ್ಟಲೇ ಇಲ್ಲವೆಂದು ಕೀ ಎಂದು ಕೂಗಿತು. ಇದಕ್ಕೆ ಫಾಕ್ಸ್‌ಪ್ರೊದಲ್ಲಿ ಒಂದು ಆಜ್ಞೆಯಿದೆ: ಸೆಟ್ ಡೇಟ್ ಬ್ರಿಟಿಷ್. ಸ್ವಾತಂತ್ರ್ಯ ಬಂದು ಐವತ್ತು ವರ್ಷ ದಾಟಿದ ಮೇಲೆ ಶಾಂತಿಗ್ರಾಮ ಹೋಬಳಿಯ ಹಾಲಿನ ತಾರೀಖನ್ನು ಸರಿಪಡಿಸಲು ನಾನು ಮತ್ತೆ ಬ್ರಿಟಿಷರನ್ನು ಕರೆಸಿದೆ.

ಸಣ್ಣ ರೈತರೋ ಅತಿ ಸಣ್ಣ ರೈತರೋ ಎಂದು ತಿಳಿಯಲು ಜಮೀನಿನ ಕಾಲಂ ಇಟ್ಟಿದ್ದೆ. ಮಿಲ್ಟ್ರಿ ಗೌಡರಿಗೆ ಮೂರು ತುಂಡು: 1 ಎಕರೆ 35 ಗುಂಟೆ, ಇನ್ನೊಂದು ಅಷ್ಟೇ, ಮತ್ತೊಂದು 35 ಗುಂಟೆ. ನಾನು 1.35, 1.35, 0.35 ಎಂದು ಒತ್ತಿದೆ. ಒಟ್ಟು 3.05 ಎಂದಿತು. ಗೌಡರು ಬೆರಳು ಮಡಚಿದರು. "ನಲವತ್ತು ಗುಂಟೆಗೆ ಒಂದೆಕರೆ ಕಣಪ್ಪ. ನಂದು ನಾಕೆಕರೆ ಇಪ್ಪತ್ತೈದು ಗುಂಟೆ. ಒಂದೂವರೆ ಎಕರೆ ಏನಾಯ್ತು?" ಎರಡು ತಲೆಮಾರಿನ ದಾಯಾದಿಗಳಿಗೆ ಸಾಧ್ಯವಾಗದ್ದನ್ನು ನಾನು ಒಂದು ದಶಾಂಶ ಚುಕ್ಕೆಯಲ್ಲಿ ಸಾಧಿಸಿದ್ದೆ.

ಹೆಸರಿಗೆ ಇಪ್ಪತ್ತು ಅಕ್ಷರದ ಜಾಗ ಕೊಟ್ಟಿದ್ದೆ. ಈ ಊರಿನಲ್ಲಿ ಹುಟ್ಟಿದವನು ಹಾಗೆ ಜಿಪುಣತನ ಮಾಡಬಾರದಿತ್ತು. ವಿಷ್ಣುವರ್ಧನನ ಪಟ್ಟದರಸಿ ಶಾಂತಲೆಯ ಹೆಸರಿನ ಊರು ಇದು. ಆಕೆಗೆ ಸವತಿಗಂಧವಾರಣೆ ಎಂಬ ಬಿರುದಿತ್ತು, ಶ್ರವಣಬೆಳಗೊಳದಲ್ಲಿ ಆಕೆ ಕಟ್ಟಿಸಿದ ಬಸದಿಗೂ ಅದೇ ಹೆಸರು. ರಾಣಿಯೇ ಬಂದು ನಮ್ಮ ಸಂಘಕ್ಕೆ ಹಾಲು ಹಾಕಿದ್ದರೆ ನನ್ನ ಫಾರಂ ಬಿರುದನ್ನು ಮಾತ್ರ ಉಳಿಸಿಕೊಂಡು ಹೆಸರನ್ನು ಕತ್ತರಿಸಿಬಿಡುತ್ತಿತ್ತು. ಆ ಕಾಲದ ಕಲ್ಲಿನ ಶಾಸನಗಳೂ ಒಂದು ಬಗೆಯ ಫಾರಂಗಳೇ ಎಂದು ಈಗ ಅನ್ನಿಸುತ್ತದೆ. ಶಕವರ್ಷ, ಸಂವತ್ಸರ, ತಿಥಿ, ವಾರ, ಕೊಟ್ಟವರು, ಪಡೆದವರು, ಗದ್ದೆಯ ನಾಲ್ಕು ಎಲ್ಲೆ, ಎಲ್ಲ ಕ್ರಮವಾಗಿರುತ್ತವೆ. ತಪ್ಪಿದವರಿಗೆ ಕೊನೆಯಲ್ಲಿ ಶಾಪ: ವಾರಣಾಸಿಯಲ್ಲಿ ಹಸು ಕೊಂದ ಪಾಪ. ನನ್ನ ಫಾರಂ ತಪ್ಪು ಒತ್ತಿದವರಿಗೆ ಬರೀ ಕೀ ಎನ್ನುತ್ತಿತ್ತು. ಯಾರು ಹೆದರುತ್ತಾರೆ?

ಸತ್ತವರ ವಿಷಯದಲ್ಲಿ ಮಾತ್ರ ಫಾಕ್ಸ್‌ಪ್ರೊ ನಮ್ಮವರ ಹಾಗೇ ಯೋಚಿಸುತ್ತಿತ್ತು. ಡಿಲೀಟ್ ಎಂದರೆ ಅದು ಅಳಿಸುವುದಿಲ್ಲ, ಸಾಲಿನ ಮೇಲೆ ಗುರುತು ಹಾಕುತ್ತದೆ. ರೀಕಾಲ್ ಎಂದರೆ ಎದ್ದು ಬರುತ್ತಾರೆ. ಪ್ಯಾಕ್ ಎನ್ನುವವರೆಗೂ ಅವರು ಅಲ್ಲೇ ಸುಳಿದಾಡುತ್ತಿರುತ್ತಾರೆ. ಸೆಕ್ರೆಟರಿಗೆ ಇದನ್ನು ವಿವರಿಸಿದಾಗ "ಹನ್ನೊಂದನೇ ದಿನದ ತಿಥಿ ಆಗೋವರ್ಗೂ ಅನ್ನು" ಎಂದು ಥಟ್ಟನೆ ಹಿಡಿದುಕೊಂಡರು. ನನಗೆ ಅದು ಅರ್ಥವಾಗಲು ಒಂದು ಇಡೀ ಕ್ಲಾಸು ಬೇಕಾಗಿತ್ತು.

ಬಟವಾಡೆಯ ದಿನ ಬಂತು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ಕಿರ್ರ್ ಎಂದು ಬಿಲ್ಲು ಹೊರಗೆಳೆಯುವುದನ್ನು ನೋಡಲು ಹಾಲು ಹಾಕದವರೂ ಬಂದಿದ್ದರು. ಮೊದಲ ಹತ್ತು ಬಿಲ್ಲು ಚೆನ್ನಾಗಿಯೇ ಬಂತು. ಹನ್ನೊಂದನೆಯದು ಆ ಡ್ಯಾಮಿನ ಅಜ್ಜಿಯದು. ಎರಡು ಸೀಮೆಹಸು ಕಟ್ಟಿದ್ದರು, ಸಾವಿರದ ಮೇಲೆ ಆಗಿತ್ತು. ನಾನು ಮೊತ್ತಕ್ಕೆ ಕೊಟ್ಟಿದ್ದದ್ದು ಮೂರಂಕಿಯ ಜಾಗ. ಜಾಗ ಸಾಲದಿದ್ದರೆ ಫಾಕ್ಸ್‌ಪ್ರೊ ಅಲ್ಲಿ ಚುಕ್ಕಿಚುಕ್ಕಿ ನಕ್ಷತ್ರ ಹೊಡೆಯುತ್ತದೆ. ಅಜ್ಜಿ ಚೀಟಿಯನ್ನು ಬೆಳಕಿಗೆ ಹಿಡಿದರು.

"ಏನಪ್ಪಾ, ದುಡ್ಡು ಕೇಳಿದ್ರೆ ರಂಗೋಲಿ ಹಾಕ್ಕೊಟ್ಟಿದೀಯ?"

ನಗು ಎದ್ದಿತು. ನಾನೂ ನಕ್ಕೆ. ಸೆಕ್ರೆಟರಿ ಬಿಲ್ಲನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಇದೆಲ್ಲ ನಗುವಂಥದ್ದೇ. ನಗಲಾಗದ್ದು ಸಾಯಂಕಾಲ ಬಂತು. ಒಬ್ಬ ಹೆಂಗಸು ಕಂಕುಳಲ್ಲಿ ಮಗು ಇಟ್ಟುಕೊಂಡು ಬಾಗಿಲಲ್ಲಿ ನಿಂತು, ತನ್ನ ಬಟವಾಡೆ ಎಲ್ಲಿ ಎಂದು ಕೇಳಿದಳು. ಸೆಕ್ರೆಟರಿ ಮದುವೆ ಮನೆಗೆ ಹೋಗಿದ್ದ ಹೊತ್ತಿನಲ್ಲಿ ಬಿಲ್ಲು ಹಂಚಿದವನು ನಾನು. ಸದಸ್ಯರ ಹೆಸರಿನ ಜಾಗದಲ್ಲಿ ಗಂಡನ ಹೆಸರಿತ್ತು, ಗಂಡ ಬಂದು ಕೇಳಿದ, ಕೊಟ್ಟೆ. ಅವನು ಅಲ್ಲಿಂದ ನೆಟ್ಟಗೆ ಸಾರಾಯಿ ಅಂಗಡಿಗೆ ಹೋಗಿದ್ದ.

ಸೆಕ್ರೆಟರಿ ಬಂದವರು ಬೈಯಲಿಲ್ಲ. ಅದೇ ಕಷ್ಟವಾದದ್ದು. ತಮ್ಮ ಜೇಬಿನಿಂದ ದುಡ್ಡು ಎಣಿಸಿ ಆಕೆಗೆ ಕೊಟ್ಟು, ಹಳೇ ರಿಜಿಸ್ಟರು ತೆಗೆದು ನನ್ನ ಮುಂದೆ ಹರಡಿದರು. ಆ ಹೆಸರಿನ ಸಾಲಿನ ಕೊನೆಯಲ್ಲಿ ಕೆಂಪು ಶಾಯಿ: ದುಡ್ಡು ಹೆಂಡತಿ ಕೈಗೇ. ಅದರ ಮೇಲಿನ ಸಾಲಿನಲ್ಲಿ: ಕರು ಸತ್ತಿದೆ, ಹಾಲು ಕಮ್ಮಿ, ಕೇಳಬಾರದು. ಕೆಳಗೆ: ಮುಂಗಡ 200, ಮಗಳ ಬಾಣಂತನ. ಇನ್ನೊಂದು ಕಡೆ: ಸಂಜೆ ಹಾಲು ತರುವ ಹುಡುಗ ದಾರೀಲಿ ನೀರು ಬೆರೆಸ್ತಾನೆ, ಅವರಪ್ಪಂಗೆ ಹೇಳಿದೆ, ಸರಿಹೋದ. ಒಂದೊಂದಾಗಿ ಓದುತ್ತ ಹೋದೆ. ಎಡಗಡೆಯ 62 ಮನೆಗಳಲ್ಲಿ ಹಾಲಿತ್ತು. ಊರು ಈ ಕಡೆ ಇತ್ತು.

ಆ ರಾತ್ರಿ ಸದಸ್ಯರ ಟೇಬಲ್ಲಿಗೆ ಷರಾ ಎಂದು ಒಂದು ಮೆಮೊ ಕಾಲಂ ಸೇರಿಸಿದೆ. ಮೆಮೊಗೆ ಅಕ್ಷರಗಳ ಮಿತಿ ಹಾಕಬೇಕಿಲ್ಲ, ಎಷ್ಟು ಬೇಕಾದರೂ ಬರೆಯಬಹುದು. ಅದನ್ನು ಫಾರಂನ ಕೆಳಗಲ್ಲ, ಹೆಸರಿನ ಪಕ್ಕಕ್ಕೇ ತಂದು ಕೂರಿಸಿದೆ.

ಮುಂದೆ ಒಂದೆರಡು ವರ್ಷದಲ್ಲಿ ಸರ್ಕಾರವೇ 'ಭೂಮಿ' ಯೋಜನೆಯಲ್ಲಿ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟು ನಮ್ಮಪ್ಪನ ಪಹಣಿ ತೆಗೆಸಿದಾಗ ಸಾಲಿನಲ್ಲಿದ್ದವರನ್ನು ಗಮನಿಸಿದೆ. ಮಾಲೀಕರ ಹೆಸರಿರುವ 9ನೇ ಕಾಲಂ ಮೇಲೆ ಕಣ್ಣಾಡಿಸಿ ಎಲ್ಲರೂ ಹಕ್ಕು ಮತ್ತು ಋಣಗಳ 11ನೇ ಕಾಲಮ್ಮಿಗೆ ಬಂದು ನಿಲ್ಲುತ್ತಿದ್ದರು. ಹೆಣ್ಣು ಕೊಡುವವರು ಗಂಡಿನ ಮನೆಯ ಪಹಣಿ ತೆಗೆಸಿ ನೋಡುವುದೂ ಅದನ್ನೇ.

ನಾನು ಬೆಂಗಳೂರು ಸೇರಿದೆ. ಹಾಲಿನ ಸಂಘಕ್ಕೆ ಹೊಸ ಯಂತ್ರ ಬಂತು, ಹಾಲಿಟ್ಟರೆ ಫ್ಯಾಟೂ ದುಡ್ಡೂ ತಾನೇ ಹೇಳುತ್ತದಂತೆ. ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನ ಸೆಕ್ರೆಟರಿ ಫೋನು ಮಾಡಿ, "ನಿನ್ನ ಮಾಲು ಬಂದು ತಗೊಂಡೋಗು ಮರಿ" ಎಂದರು. ಹೋಗಿ ಫ್ಲಾಪಿಗೆ ಇಳಿಸಿಕೊಂಡು ಬಂದು ತೆರೆದೆ. ಲೀಟರು, ಫ್ಯಾಟು, ಡಿಗ್ರಿ ಕೆಲವು ತಿಂಗಳು ತುಂಬಿ ನಿಂತುಹೋಗಿದ್ದವು. ಅವನ್ನು ಅವರು ಮತ್ತೆ ರಿಜಿಸ್ಟರಿನಲ್ಲೇ ಬರೆದುಕೊಂಡಿದ್ದರು. ಷರಾ ಮಾತ್ರ ಕೊನೆಯ ದಿನದವರೆಗೂ ತುಂಬಿತ್ತು. ಕನ್ನಡ ಒತ್ತಲು ಬಾರದೆ ಇಂಗ್ಲಿಷಿನ ದಪ್ಪಕ್ಷರದಲ್ಲಿ ಕನ್ನಡವನ್ನೇ ಬರೆದಿದ್ದರು. ಆ ಹೆಂಗಸಿನ ಸಾಲು ಹುಡುಕಿದೆ. ದುಡ್ಡು ಹೆಂಡತಿ ಕೈಗೇ ಎಂಬುದರ ಕೆಳಗೆ ಇನ್ನೊಂದು ಷರಾ ಇತ್ತು: ಈಗ ಕುಡಿಯೋದು ಬಿಟ್ಟವ್ನೆ, ಆದ್ರೂ ಹೆಂಡತಿ ಕೈಗೇ.