ಮಣಿಕಟ್ಟಿಗೊಂದು ಧರ್ಮಸೂಕ್ಷ್ಮ

ಹದಿನಾರರ ಹುಡುಗನಿಗೆ ಅಪ್ಪನ ಮಾತೇ ಕಿವಿಗೆ ಹೋಗುವುದಿಲ್ಲ. ಇನ್ನು ಪಾದ್ರಿಗಳ ಪ್ರವಚನದ ಪಾಡೇನು? ಅಮೆರಿಕದ ಮಿಷಿಗನ್ ರಾಜ್ಯದ ಹಾಲೆಂಡ್ ಪಟ್ಟಣದ ಚರ್ಚೊಂದರಲ್ಲಿ ಹದಿಹರೆಯದವರ ಉಸ್ತುವಾರಿ ಹೊತ್ತಿದ್ದ ಮಹಿಳೆಯೊಬ್ಬರು 1989ರಲ್ಲಿ ಇದಕ್ಕೊಂದು ಉಪಾಯ ಕಂಡುಕೊಂಡರು. ಹುಡುಗ-ಹುಡುಗಿಯರ ಕೈಯಲ್ಲಿ ಸ್ನೇಹದ ದಾರ ಹೇಗೂ ಇತ್ತು. ಜೊತೆಗೆ ನಾಲ್ಕಕ್ಷರದ ನೇಯ್ದ ಪಟ್ಟಿ ಬಂತು: ‘ಡಬ್ಲ್ಯೂ ಡಬ್ಲ್ಯೂ ಜೆ ಡಿ’. ಅಂದರೆ, ಇಂಥ ಹೊತ್ತಿನಲ್ಲಿ ಯೇಸು ಏನು ಮಾಡುತ್ತಿದ್ದ?

ಪ್ರಶ್ನೆ ಹಳೆಯದು. ಪಾದ್ರಿ ಚಾರ್ಲ್ಸ್ ಶೆಲ್ಡನ್ 1890ರ ದಶಕದಲ್ಲೇ ಅದನ್ನು ಕಾದಂಬರಿಯಾಗಿಸಿದ್ದರು. ನೂರು ವರ್ಷದ ನಂತರ ಅದು ಲಕ್ಷಗಟ್ಟಲೆ ಮಣಿಕಟ್ಟು ಏರಿತು. ಪಕ್ಕದವನ ಉತ್ತರಪತ್ರಿಕೆಗೆ ಇಣುಕುವಾಗ ಅದೇ ಕೈ ಕಣ್ಣಿಗೆ ಬೀಳುವುದೆಂದರೆ ಸಣ್ಣ ಫಜೀತಿಯೇ?

ಸಂಗೀತವೂ ಹಿಂದೆ ಬೀಳಲಿಲ್ಲ. ಎಂಬತ್ತರ ದಶಕದ ಸ್ಟ್ರೈಪರ್ ಎಂಬ ಹೆವಿ ಮೆಟಲ್ ತಂಡದವರು ಕಡಜದಂತೆ ಹಳದಿ-ಕಪ್ಪು ಪಟ್ಟೆಯ ಉಡುಪು ತೊಟ್ಟು, ವೇದಿಕೆಯಿಂದ ಬೈಬಲ್ ಪ್ರತಿಗಳನ್ನೇ ಪ್ರೇಕ್ಷಕರತ್ತ ಎಸೆಯುತ್ತಿದ್ದರು. ಸುವಾರ್ತೆ ಹೀಗೆ ನೇರವಾಗಿ ತಲೆಗೇ ತಲುಪುತ್ತಿತ್ತು!

ಪ್ರೇಮದ ವಿಷಯ ಉಳಿಯಿತಲ್ಲ. ಆಗಿನ್ನೂ ಮದುವೆಯಾಗಿರದ ಜೋಶುವಾ ಹ್ಯಾರಿಸ್, ಡೇಟಿಂಗ್‌ಗೆ ವಿದಾಯ ಹೇಳಿ ಎನ್ನುವ ಪುಸ್ತಕವನ್ನು 1997ರಲ್ಲಿ ಹೊರತಂದರು. ಅದು ಬಿಸಿ ದೋಸೆಯ ಹಾಗೆ ಖರ್ಚಾಯಿತು. ಎಷ್ಟೋ ಚರ್ಚ್ ಹುಡುಗರು ಸಿನಿಮಾಕ್ಕೆ ಜೋಡಿಯಾಗಿ ಹೋಗುವುದನ್ನೇ ಬಿಟ್ಟರು. 2018ರಲ್ಲಿ ಹ್ಯಾರಿಸ್ ತಮ್ಮ ವಾದ ಸರಿಯಿರಲಿಲ್ಲವೆಂದು ಪುಸ್ತಕದ ಮುದ್ರಣ ನಿಲ್ಲಿಸಿದರು. ಅಷ್ಟರಲ್ಲಿ 1997ರ ಹದಿನಾರರವರಿಗೆ ಮೂವತ್ತೇಳಾಗಿತ್ತು.